ಕವಲೇದುರ್ಗಕ್ಕೆ ಕಾರು ಬೇಡ, ಚರಂಡಿ ನೋಡಿ

ಮಾನ್ಯ ಸಂಪಾದಕರೆ,

ಕವಲೇದುರ್ಗದ ಗುಡ್ಡದ ಮೇಲಿನ ಕೋಟೆ ಬಾಗಿಲ ತನಕ ಕಾರು ಹೋಗುವಂತೆ ರಸ್ತೆ ಆಗಬೇಕು ಎನ್ನುವ ಮಾತು ನಮ್ಮ ತೀರ್ಥಹಳ್ಳಿ ಕಡೆ ಆಗಾಗ ಕೇಳಿಬರುತ್ತದೆ. ಮೊನ್ನೆ ಒಂದು ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಕೇಳಿದೆ. ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ಮಾತು ರಸ್ತೆ ಬಿಟ್ಟು ರೋಪ್‌ವೇಗೆ ಬಂದಿತ್ತು. "ಫಾರಿನ್ನಲ್ಲಿ ನೋಡಿ, ಎಂಥಾ ಗುಡ್ಡ ಇದ್ರೂ ತುದಿ ತನಕ ಗಾಡಿ ಹೋಗುತ್ತೆ" ಎಂದು ಎದುರು ಸಾಲಿನ ಒಬ್ಬರು ತೀರ್ಪು ಕೊಟ್ಟರು. ಬಾಯಲ್ಲಿ ಹೋಳಿಗೆ ಇದ್ದದ್ದರಿಂದ ನಾನು ಸುಮ್ಮನಿದ್ದೆ.

ಫಾರಿನ್ ನಾನು ಜಾಸ್ತಿ ನೋಡಿದವನಲ್ಲ. ಮಗಳು ರೋಮಿನಲ್ಲಿ ಕೆಲಸದಲ್ಲಿದ್ದಾಳೆ, ಹಾಗಾಗಿ ಇಟಲಿ ಒಂದನ್ನು ನೋಡಿದ್ದೇನೆ. ಅಲ್ಲಿ ಗುಡ್ಡದ ಮೇಲಿರುವ ಓರ್ವಿಯೆಟೊ ಎಂಬ ಹಳೇ ಊರಿಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದೆವು. ಅಲ್ಲಿ ಕಂಡದ್ದು ಪಂಕ್ತಿಯ ತೀರ್ಪಿಗೆ ಪೂರ್ತಿ ಉಲ್ಟಾ. ಅದನ್ನು ಹೇಳಲು ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಕತ್ತರಿ ಹಾಕುವುದು ನಿಮಗೆ ಬಿಟ್ಟದ್ದು.

ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವ ನೀರಿನ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಪೈಪು, ವಾಲ್ವು, ಓವರ್‌ಹೆಡ್ ಟ್ಯಾಂಕು ಇವುಗಳ ಜೊತೆಯಲ್ಲೇ ಸರ್ವಿಸ್ ಮುಗಿಯಿತು. ಯಾವ ಊರಿಗೆ ಹೋದರೂ ನೀರು ಎಲ್ಲಿಂದ ಬರುತ್ತದೆ, ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ ಎಂದೇ ಮೊದಲು ಕಣ್ಣು ಹುಡುಕುತ್ತದೆ. "ದೇವಸ್ಥಾನಕ್ಕೆ ಬಂದ್ರೂ ಚರಂಡಿ ನೋಡ್ತೀರಲ್ಲ" ಎಂದು ನಮ್ಮ ಮನೆಯವರು ಬೈಯುತ್ತಾರೆ. ಓರ್ವಿಯೆಟೊದಲ್ಲಿ ಮಾತ್ರ ಅವರು ಬೈಯಲಿಲ್ಲ. ಆ ಊರಿನ ಕತೆಯೇ ನೀರಿನದ್ದು.

ರೋಮಿನ ಟರ್ಮಿನಿ ಸ್ಟೇಷನ್ನಿನಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಒಂದೂಕಾಲು ಗಂಟೆ, ಸ್ವಲ್ಪ ಆಚೀಚೆ. ಟಿಕೆಟ್ ಕೊಂಡ ಮಾತ್ರಕ್ಕೆ ಆಗಲಿಲ್ಲ. ಕಾಗದದ ಟಿಕೆಟ್ಟಾದರೆ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರದ ಒಂದು ಸಣ್ಣ ಯಂತ್ರದ ಬಾಯಿಗೆ ಕೊಟ್ಟು ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ರೈಲು ಟೈಬರ್ ನದಿಯ ಕಣಿವೆ ಹಿಡಿದು ಉತ್ತರಕ್ಕೆ ಹೋಗುತ್ತದೆ. ಮಗಳು "ಅಪ್ಪಾ, ಎಡಗಡೆ ನೋಡು" ಎಂದಾಗ ಕಂಡದ್ದು ಕಣಿವೆಯ ನಡುವೆ ನೆಟ್ಟಗೆ ಎದ್ದು ನಿಂತ ಒಂದು ಬಂಡೆ. ಸುತ್ತಲೂ ಕಡಿದಾದ ಗೋಡೆ, ತಲೆ ಮಾತ್ರ ಚಪ್ಪಟೆ. ಆ ಚಪ್ಪಟೆಯ ಅಂಚಿನವರೆಗೂ ಮನೆಗಳು, ನಡುವೆ ಚರ್ಚಿನ ಚೂಪು ಗೋಪುರಗಳು. ಅದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಅಲ್ಲಿನವರು ತೂಫೊ ಅನ್ನುತ್ತಾರೆ. ನಮ್ಮ ಜಂಬಿಟ್ಟಿಗೆಯಂತೆ ಕೈ ಉಪಕರಣದಲ್ಲಿ ಕೊರೆಯಲು ಬರುತ್ತದೆ, ಗೋಡೆ ಕಟ್ಟಲೂ ಅದೇ.

ಸ್ಟೇಷನ್ ಗುಡ್ಡದ ಬುಡದಲ್ಲಿದೆ. ಅದರ ಎದುರಿಗೇ ಫ್ಯುನಿಕ್ಯುಲರ್, ಅಂದರೆ ಇಳಿಜಾರಿನಲ್ಲಿ ಹಳಿಯ ಮೇಲೆ ಹಗ್ಗ ಎಳೆಯುವ ಡಬ್ಬಿ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಡಬ್ಬಿ. ಒಂದು ಇಳಿಯುವಾಗ ಇನ್ನೊಂದು ಏರುತ್ತದೆ, ನಡುದಾರಿಯಲ್ಲಿ ಅಕ್ಕಪಕ್ಕ ಹಾದುಹೋಗುತ್ತವೆ. ಈಗ ಕರೆಂಟಿನಲ್ಲಿ ಓಡುತ್ತದೆ. 1888ರಲ್ಲಿ ಶುರುವಾದಾಗ ಕರೆಂಟ್ ಇರಲಿಲ್ಲ, ನೀರಿನಲ್ಲೇ ಓಡುತ್ತಿತ್ತು. ಮೇಲಿನ ಡಬ್ಬಿಯ ಟ್ಯಾಂಕಿಗೆ ನೀರು ತುಂಬುವುದು, ಆ ಭಾರಕ್ಕೆ ಅದು ಇಳಿಯುವುದು, ಇಳಿಯುತ್ತಾ ಕೆಳಗಿನ ಡಬ್ಬಿಯನ್ನು ಮೇಲಕ್ಕೆಳೆಯುವುದು, ತಳ ಮುಟ್ಟಿದ ಮೇಲೆ ನೀರು ಬಿಟ್ಟುಬಿಡುವುದು. ಇಷ್ಟೇ. ನಾನು ಇದನ್ನು ಮನೆಯವರಿಗೆ ಎರಡೆರಡು ಸಲ ವಿವರಿಸಿದೆ. ನಡುವೆ ನಿಂತುಹೋಗಿದ್ದನ್ನು 1990ರಲ್ಲಿ ವಿದ್ಯುತ್ತಿನಲ್ಲಿ ಮತ್ತೆ ಓಡಿಸಿದ್ದಾರೆ.

ಮೇಲೆ ಇಳಿದರೆ ಓಣಿಗಳಲ್ಲಿ ಓಡಾಡಲು ಚಿಕ್ಕ ಬಸ್ಸು. ಕಾರುಗಳಿಲ್ಲ ಅಂತಲ್ಲ, ಊರಿನವರದ್ದು ಇವೆ. ಆದರೆ ಹೊರಗಿನ ಕಾರು ಊರೊಳಗಿನ ನಿಷೇಧಿತ ಭಾಗಕ್ಕೆ ನುಗ್ಗುವಂತಿಲ್ಲ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ದಂಡದ ಚೀಟಿ ಮನೆಗೆ ಬರುತ್ತದೆ. ಕಾರಲ್ಲಿ ಬಂದವರಿಗೆ ಗುಡ್ಡದ ಇನ್ನೊಂದು ಬದಿ ಕೆಳಗೆ ಪಾರ್ಕಿಂಗ್. ಅಲ್ಲಿಂದ ಬಂಡೆಯ ಒಳಗೇ ಲಿಫ್ಟು, ಎಸ್ಕಲೇಟರ್ ಮಾಡಿದ್ದಾರೆ. ಅಂದರೆ ಮುದುಕರಿಗೆ, ಮಂಡಿನೋವಿನವರಿಗೆ ದಾರಿ ಇದೆ. ಕಾರಿಗೆ ಇಲ್ಲ. ಪಂಕ್ತಿಯಲ್ಲಿ ಮಾತಾಡಿದವರು ಇದೊಂದು ಗಮನಿಸಬೇಕು. ಅಲ್ಲಿ ಮೇಲೆ ಹೋಗಬೇಕಾದ್ದು ಜನ.

ಫ್ಯುನಿಕ್ಯುಲರ್ ಇಳಿದ ಜಾಗದ ಪಕ್ಕದಲ್ಲೇ ಆ ಬಾವಿ. ಸಂತ ಪ್ಯಾಟ್ರಿಕ್ ಬಾವಿ ಎಂದು ಆಮೇಲೆ ಬಂದ ಹೆಸರು. ನನ್ನ ಮಟ್ಟಿಗೆ ಇಟಲಿ ಪ್ರವಾಸದ ಖರ್ಚೆಲ್ಲ ಇದೊಂದರಲ್ಲೇ ವಸೂಲಾಯಿತು.

1527ರಲ್ಲಿ ಚಕ್ರವರ್ತಿ 5ನೇ ಚಾರ್ಲ್ಸ್‌ನ ಸೈನ್ಯ ರೋಮನ್ನು ಲೂಟಿ ಮಾಡಿತು. ಪೋಪ್ 7ನೇ ಕ್ಲೆಮೆಂಟ್ ತಪ್ಪಿಸಿಕೊಂಡು ಬಂದು ಈ ಬಂಡೆಯ ಮೇಲೆ ಕುಳಿತ. ಶತ್ರು ಹತ್ತಿ ಬರುವುದು ಕಷ್ಟ, ಸರಿ. ಆದರೆ ಮುತ್ತಿಗೆ ಹಾಕಿ ಕೂತರೆ ಕುಡಿಯಲು ನೀರು? ಮೇಲಿನಿಂದ ಬಾವಿ ತೋಡಿ ಎಂದು ಆಂತೋನಿಯೊ ಸಂಗಾಲ್ಲೊ ಎಂಬ ವಾಸ್ತುಶಿಲ್ಪಿಗೆ ಹೇಳಿದ. ಕೆಲಸ ಮುಗಿಯುವ ಹೊತ್ತಿಗೆ 1537. ತೋಡಿಸಿದ ಪೋಪ್ ಆಗಲೇ ತೀರಿಕೊಂಡಿದ್ದ. (ಕಾಮಗಾರಿ ಮುಗಿಯುವ ಮೊದಲು ಶಂಕುಸ್ಥಾಪನೆ ಮಾಡಿದವರು ಹೋಗುವುದು ಎಲ್ಲ ದೇಶದಲ್ಲೂ ಇದೆ ಅಂತಾಯಿತು.)

ಆಳ 53 ಮೀಟರ್. ಬಾವಿಯ ಗೋಡೆಯ ಒಳಗೇ ಸುತ್ತು ಮೆಟ್ಟಿಲು ಇದೆ. ಒಂದಲ್ಲ, ಎರಡು. ಒಂದರ ಮೇಲೊಂದು ಸುತ್ತಿಕೊಂಡು ಹೋಗುತ್ತವೆ, ಆದರೆ ಎಲ್ಲೂ ಒಂದಕ್ಕೊಂದು ಸೇರುವುದಿಲ್ಲ. ಕೊಡ ಹೊತ್ತ ಹೇಸರಗತ್ತೆ ಒಂದು ಮೆಟ್ಟಿಲಲ್ಲಿ ಇಳಿಯಬೇಕು, ತಳದಲ್ಲಿ ಸಣ್ಣ ಸೇತುವೆ ದಾಟಬೇಕು, ನೀರು ತುಂಬಿಸಿಕೊಂಡು ಇನ್ನೊಂದು ಮೆಟ್ಟಿಲಲ್ಲಿ ಹತ್ತಬೇಕು. ಎದುರಿಗೆ ಇನ್ನೊಂದು ಕತ್ತೆ ಬಂದು ದಾರಿ ಕಟ್ಟುವ ಪ್ರಶ್ನೆಯೇ ಇಲ್ಲ. ಒಂದೊಂದು ದಾರಿಗೆ 248 ಮೆಟ್ಟಿಲು. ಕತ್ತೆಯ ಕಾಲಿಗೆ ಸರಿಯಾಗಿ ಮೆಟ್ಟಿಲು ಅಗಲ, ಎತ್ತರ ಕಡಿಮೆ. ಬಾವಿಯ ನಡುಭಾಗಕ್ಕೆ ತೆರೆದಂತೆ ಸುಮಾರು 70 ಕಿಟಕಿ. ಬೆಳಕು ಮೇಲಿನಿಂದ ಬಾವಿಗೆ ಬಿದ್ದು, ಕಿಟಕಿಯಿಂದ ಮೆಟ್ಟಿಲಿಗೆ ಬರುತ್ತದೆ.

ಮನೆಯವರು ಮಂಡಿ ಹಿಡಿದುಕೊಂಡು ಮೇಲೆ ಬೆಂಚಿನಲ್ಲಿ ಕುಳಿತರು. ನಾನೂ ಮಗಳೂ ಇಳಿದೆವು. ಅರ್ಧಕ್ಕೆ ಹೋಗುವಾಗ ಹೊರಗಿನ ಸೆಕೆ ಪೂರ್ತಿ ಹೋಗಿ ತಣ್ಣಗೆ ಆಯಿತು. ನಾನು ಗೋಡೆ ಸವರುತ್ತಾ ಇಳಿಯುತ್ತಿದ್ದೆ. ಮೇಲ್ಭಾಗದಲ್ಲಿ ಗೋಡೆ ಅಂದರೆ ಬಂಡೆಯೇ, ಕೊರೆದ ಉಳಿಯ ಗುರುತು ಕೈಗೆ ಸಿಗುತ್ತದೆ. ಕೆಳಗೆ ಹೋದ ಹಾಗೆ ಇಟ್ಟಿಗೆ ಶುರುವಾಯಿತು. ಯಾಕೆಂದರೆ ತೂಫೊ ಅಲ್ಲಿಗೆ ಮುಗಿದು ಕೆಳಗೆ ಜೇಡಿಮಣ್ಣು ಇದೆ. ಜೇಡಿ ಕುಸಿಯಬಾರದು ಅಂತ ಇಟ್ಟಿಗೆ ಕಟ್ಟಿದ್ದಾರೆ. ಕಿಟಕಿಯಲ್ಲಿ ಇಣುಕಿದರೆ ಆ ಕಡೆ ಮೆಟ್ಟಿಲಲ್ಲಿ ಹತ್ತುತ್ತಿರುವವರ ಮುಖ ಕಾಣುತ್ತದೆ, ಏದುಸಿರು ಕೇಳುತ್ತದೆ. ನಾವು ಎಷ್ಟು ಇಳಿದರೂ ಅವರು ಎದುರು ಸಿಗುವುದಿಲ್ಲ. ತಳದಲ್ಲಿ ತಿಳಿನೀರು, ಅದರಲ್ಲಿ ಪ್ರವಾಸಿಗರು ಎಸೆದ ನಾಣ್ಯ. ಹತ್ತುವಾಗ ನನ್ನ ಏದುಸಿರೂ ಯಾರಿಗೋ ಕೇಳಿರಬೇಕು.

ಬೆಂಚಿನಲ್ಲಿದ್ದ ಮನೆಯವರಿಗೆ ಎಲ್ಲ ವಿವರ ಹೇಳಿದೆ. "ಪಾಪ, ಕತ್ತೆ" ಅಂದರು.

ಚರ್ಚಿನ ಬಗ್ಗೆ ಬರೆಯದಿದ್ದರೆ ಮಗಳು ಕೋಪಿಸಿಕೊಳ್ಳುತ್ತಾಳೆ. ದುವೊಮೊ ಎಂದು ಕರೆಯುವ ಅದಕ್ಕೆ ಅಡಿಗಲ್ಲು ಬಿದ್ದದ್ದು 1290ರಲ್ಲಿ. ಬದಿಯ ಗೋಡೆಗಳು ಬಿಳಿ ಕಲ್ಲು, ಕಪ್ಪು ಕಲ್ಲಿನ ಪಟ್ಟೆ ಪಟ್ಟೆ. ಎದುರು ಮುಖ ಮಾತ್ರ ಬಂಗಾರದ ಬಣ್ಣದ ಚಿತ್ರಗಳಿಂದ ಹೊಳೆಯುತ್ತದೆ. ಒಳಗೆ ಒಂದು ಕೋಣೆಯ ತುಂಬ ಲೂಕಾ ಸಿನ್ಯೊರೆಲ್ಲಿ ಬರೆದ ಪ್ರಳಯಕಾಲದ ಚಿತ್ರಗಳು. 1499ರಲ್ಲಿ ಶುರುಮಾಡಿ 1504ರ ಹೊತ್ತಿಗೆ ಮುಗಿಸಿದ್ದಂತೆ. ಸತ್ತವರು ನೆಲದಿಂದ ಎದ್ದು ಬರುವುದು, ಪಾಪಿಗಳನ್ನು ಬಣ್ಣಬಣ್ಣದ ರಾಕ್ಷಸರು ಹಿಂಸಿಸುವುದು ಎಲ್ಲ ಇದೆ. ಚೆನ್ನಾಗಿದೆ. ಆದರೆ ನನಗೆ ಇಕ್ಕೇರಿಯ ಅಘೋರೇಶ್ವರನ ಎದುರು ನಿಂತಾಗ ಆಗುವಷ್ಟು ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಇಕ್ಕೇರಿ ಅಂದ ಮೇಲೆ ಇನ್ನೊಂದು ನೆನಪಾಯಿತು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ರೋಮಿನವನೊಬ್ಬ ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ಇಕ್ಕೇರಿಗೆ ಬಂದಿದ್ದ. ಆಗ ಆಳುತ್ತಿದ್ದದ್ದು ಕೆಳದಿಯ ವೆಂಕಟಪ್ಪ ನಾಯಕ. ಕಂಡದ್ದನ್ನೆಲ್ಲ ಆತ ಇಟಲಿಯ ಗೆಳೆಯನಿಗೆ ಕಾಗದ ಬರೆದ. ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆಯುತ್ತಾ, ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುವುದನ್ನು ನೋಡಿ ಮೆಚ್ಚಿ ಬರೆದಿದ್ದಾನೆ. ಆತ ನಮ್ಮ ಮಕ್ಕಳ ಮಗ್ಗಿ ಗಮನಿಸಿದ ಮೇಲೆ ನಾನು ಅವರ ಚರಂಡಿ ಗಮನಿಸಿದರೆ ತಪ್ಪಿಲ್ಲ ಅಲ್ವಾ?

ಮಧ್ಯಾಹ್ನ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಊಟ ಮಾಡಿ ಮಲಗಿ ಎದ್ದು ಬರುತ್ತಾರಂತೆ. ನಾವು ಸಸ್ಯಾಹಾರಿಗಳು. ಉಂಬ್ರಿಕೆಲ್ಲಿ ಎಂಬ, ಕೈಯಲ್ಲಿ ಹೊಸೆದ ದಪ್ಪ ಶಾವಿಗೆಗೆ ಟೊಮೇಟೊ, ಬೆಳ್ಳುಳ್ಳಿ ಹಾಕಿ ಕೊಟ್ಟರು. ಮನೆಯವರು ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದರು. ನಾನು ಬೇರೆ ಕಡೆ ನೋಡಿದೆ.

ಊಟದ ಮೇಲೆ ನೆಲದಡಿಯ ಓರ್ವಿಯೆಟೊ ನೋಡಲು ಹೋದೆವು. ಟಿಕೆಟ್ ಕೊಟ್ಟು ಗೈಡ್ ಜೊತೆಯಲ್ಲೇ ಹೋಗಬೇಕು. ಊರಿನ ಕೆಳಗೆ ಬಂಡೆಯಲ್ಲಿ 1200ಕ್ಕೂ ಹೆಚ್ಚು ಗುಹೆಗಳಿವೆ. ರೋಮನ್ನರಿಗಿಂತ ಮೊದಲು ಅಲ್ಲಿದ್ದ ಎಟ್ರಸ್ಕನ್ ಜನ ಕೊರೆದ ಬಾವಿಗಳಿವೆ, ಒಬ್ಬ ಮನುಷ್ಯ ಕಷ್ಟಪಟ್ಟು ತೂರುವಷ್ಟೇ ಅಗಲ, ಎರಡೂ ಬದಿ ಕಾಲಿಡಲು ಗುಳಿ. ಆಲಿವ್ ಎಣ್ಣೆ ತೆಗೆಯುವ ಗಾಣ ಇದೆ. ಒಂದು ಗುಹೆಯ ಗೋಡೆಯಲ್ಲಿ ಸಾಲುಸಾಲಾಗಿ ಚೌಕದ ಗೂಡುಗಳು. ಪಾರಿವಾಳ ಸಾಕಿ ತಿನ್ನುತ್ತಿದ್ದರಂತೆ. ಹಕ್ಕಿಗೆ ಮೇವು ಹಾಕುವ ಖರ್ಚಿಲ್ಲ, ಅದು ಹೊರಗೆ ಹಾರಿ ತಿಂದು ಬರುತ್ತದೆ.

ನಾನು ಬರೆಯಬೇಕೆಂದು ಹೊರಟ ಮುಖ್ಯ ಸಂಗತಿ ಇಲ್ಲಿದೆ. ಈ ಊರಿನ ಬಂಡೆಯ ಅಂಚು 1970ರ ದಶಕದಲ್ಲಿ ಕುಸಿಯತೊಡಗಿತು. ಮೇಲೆ ಗಟ್ಟಿ ಬಂಡೆ, ಅದರ ಕೆಳಗೆ ಜೇಡಿ. ಬಂಡೆಯ ಬಿರುಕಿನಲ್ಲಿ ಇಳಿದ ನೀರು ಜೇಡಿ ಮುಟ್ಟುತ್ತದೆ, ಜೇಡಿ ಮೆದುವಾಗುತ್ತದೆ, ಮೇಲಿನದ್ದು ಒಡೆದು ಬೀಳುತ್ತದೆ. ಆ ನೀರೆಲ್ಲ ಮಳೆಯದ್ದಲ್ಲ. ಹಳೇ ನೀರಿನ ಪೈಪು, ಹಳೇ ಒಳಚರಂಡಿ ಸೋರಿ ಇಳಿಯುತ್ತಿದ್ದದ್ದೂ ಅದರಲ್ಲಿ ಸೇರಿತ್ತು. 1978ರಲ್ಲಿ ಓರ್ವಿಯೆಟೊ ಮತ್ತು ತೋದಿ ಎಂಬ ಇನ್ನೊಂದು ಗುಡ್ಡದ ಊರಿಗೆ ಅಂತಲೇ ಇಟಲಿ ಸರ್ಕಾರ ವಿಶೇಷ ಕಾನೂನು ಮಾಡಿ ದುಡ್ಡು ಕೊಟ್ಟಿತು. ಬಂಡೆಗೆ ಉಕ್ಕಿನ ಸರಳು ಹೊಡೆದು ಬಿಗಿದರು. ಅದರ ಜೊತೆಗೆ ಊರಿನ ನೀರಿನ ಪೈಪು, ಚರಂಡಿ ಬದಲಾಯಿಸಿದರು. ಫ್ಯುನಿಕ್ಯುಲರ್ ಮತ್ತೆ ಓಡಿದ್ದು ಈ ಕೆಲಸ ಶುರುವಾದ ಮೇಲೆ.

ಗೈಡ್ ಹುಡುಗಿ ಇಟಾಲಿಯನ್ನಿನಲ್ಲಿ ಹೇಳಿದ್ದನ್ನು ಮಗಳು ಕನ್ನಡ ಮಾಡಿ ಹೇಳುತ್ತಿದ್ದಳು. ಸೋರುವ ಪೈಪು ಅಂದಾಗ ನಾನು "ಹೌದು, ಹೌದು" ಎಂದು ಜೋರಾಗಿಯೇ ಅಂದೆ. ಸರ್ವಿಸಿನಲ್ಲಿ ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೆ! ಉದ್ಘಾಟನೆಗೆ ಟ್ಯಾಂಕು ಬೇಕು, ರಸ್ತೆ ಬೇಕು. ಸೋರಿಕೆ ನಿಲ್ಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುವ ಮಳೆ. ಓರ್ವಿಯೆಟೊದ ಮಳೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅಷ್ಟು ಮಳೆಯ ನಾಡಿನಲ್ಲಿ ಕವಲೇದುರ್ಗದ ಬದಿ ಕಡಿದು ರಸ್ತೆ ಮಾಡಿದರೆ ಏನಾಗುತ್ತದೆ? ಜೆಸಿಬಿ ಗುಡ್ಡದ ಕಾಲು ಕಡಿಯುತ್ತದೆ. ಒಂದು ಮಳೆಗಾಲ ನಿಲ್ಲಬಹುದು, ಎರಡು ನಿಲ್ಲಬಹುದು. ಆಮೇಲೆ ಮೇಲಿನ ಮಣ್ಣು ರಸ್ತೆಗೆ, ರಸ್ತೆಯ ಮಣ್ಣು ಕೆಳಗಿನ ಗದ್ದೆಗೆ. ಕೊಡಚಾದ್ರಿಯ ಜೀಪ್ ದಾರಿಯಲ್ಲಿ ಹೋಗಿ ಬಂದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕುಂದಾದ್ರಿಗೆ ತುದಿ ತನಕ ಡಾಂಬರು ಇದೆ. ರಜಾದಿನ ಬಸದಿಯ ಹತ್ತಿರ ಹಾರ್ನ್ ಹೇಗೆ ಕೇಳುತ್ತದೆ ಎಂದು ಒಮ್ಮೆ ಹೋಗಿ ಕೇಳಿ.

ಕವಲೇದುರ್ಗ ಇವತ್ತಿಗೂ ನೋಡಲು ಉಳಿದಿದೆ ಅಂದರೆ ಅಲ್ಲಿಗೆ ನಡೆದೇ ಹೋಗಬೇಕು ಎನ್ನುವ ಒಂದೇ ಕಾರಣಕ್ಕೆ. ಗದ್ದೆ ಬದಿಯಲ್ಲಿ ನಡೆದು, ಹಾಸುಗಲ್ಲಿನ ದಾರಿ ಹತ್ತಿ, ಒಂದೊಂದೇ ಬಾಗಿಲು ದಾಟಿ ಹೋಗಬೇಕು. ಆ ಗೋಡೆಯ ಕಲ್ಲುಗಳ ಗಾತ್ರ ನೋಡಲಿಕ್ಕೆ ನಿಧಾನವೇ ಬೇಕು. ಒಳಗೆ ಕಾಶಿ ವಿಶ್ವನಾಥ ದೇವಸ್ಥಾನ, ಅರಮನೆಯ ಅಡಿಪಾಯ, ಕಲ್ಲಿನ ಒಲೆ. ನನಗೆ ಮುಖ್ಯ ಅಲ್ಲಿನ ಕೊಳಗಳು. ಗುಡ್ಡದ ತುದಿಯಲ್ಲಿ ಮಳೆನೀರು ಹಿಡಿದು ನಿಲ್ಲಿಸಿದ್ದಾರೆ. ಓರ್ವಿಯೆಟೊದ ಪೋಪನ ಚಿಂತೆಯೇ ಈ ಕೋಟೆ ಆಳಿದ ಕೆಳದಿ ನಾಯಕರದ್ದೂ. ಆತ ಕೆಳಗಿನ ನೀರಿಗೆ ಇಳಿದ, ಇವರು ಮೇಲಿನ ನೀರನ್ನು ತಡೆದರು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರ ದೇವಗಂಗೆ ಕೊಳಗಳಲ್ಲಿ ಗುಡ್ಡದ ನೀರನ್ನು ಒಂದರಿಂದ ಒಂದಕ್ಕೆ ಹರಿಸಿದ ಬುದ್ಧಿ ನೋಡಿದರೆ ನಾನು ಯಾವ ಕಾಲೇಜಿನಲ್ಲಿ ಏನು ಕಲಿತೆ ಅನ್ನಿಸುತ್ತದೆ.

ಆದರೆ ಇದನ್ನು ಬಂದವರಿಗೆ ಹೇಳುವವರು ಯಾರು? ಓರ್ವಿಯೆಟೊದಲ್ಲಿ ಪಾರಿವಾಳದ ಗೂಡಿಗೂ ವಿವರಣೆ ಇದೆ. ನಮ್ಮಲ್ಲಿ ಬಂದವರು ಕೊಳದ ಎದುರು ಸೆಲ್ಫಿ ತೆಗೆದು, ಚಿಪ್ಸ್ ಪ್ಯಾಕೆಟ್ ಅದಕ್ಕೇ ಎಸೆದು ಹೋಗುತ್ತಾರೆ. ಸುತ್ತಮುತ್ತಲ ಊರುಗಳಲ್ಲಿ ಡಿಗ್ರಿ ಮುಗಿಸಿ, ಬೆಂಗಳೂರಿಗೆ ಹೋಗಲೋ ತೋಟ ನೋಡಲೋ ಎಂದು ಕೂತ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಒಂದು ಗುಂಪಿಗೆ ಇಷ್ಟು ಎಂದು ದರ ಬರೆದು ಹಾಕಿ. ಪಾರ್ಕಿಂಗ್ ಕೆಳಗೆ ಊರಿನ ಹತ್ತಿರವೇ ಇರಲಿ, ಅದರ ದುಡ್ಡು ಪಂಚಾಯಿತಿಗೆ ಹೋಗಲಿ. ಅಲ್ಲೇ ನೀರಿರುವ ಶೌಚಾಲಯ ಬೇಕು. ಬೀಗ ಹಾಕಿದ ಶೌಚಾಲಯ ನಮ್ಮಲ್ಲಿ ಈಗಾಗಲೇ ಸಾಕಷ್ಟಿವೆ. ತೀರ್ಥಹಳ್ಳಿಯಿಂದ ಭಾನುವಾರ ಒಂದು ಚಿಕ್ಕ ಬಸ್ಸು ಕವಲೇದುರ್ಗ, ನಗರ, ದೇವಗಂಗೆ ಸುತ್ತಿ ಬಂದರೆ ಅರ್ಧ ಕಾರುಗಳು ಕಡಿಮೆಯಾಗುತ್ತವೆ.

ವಯಸ್ಸಾದವರು ಏನು ಮಾಡಬೇಕು ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ, ನಮ್ಮ ಮನೆಯವರದ್ದೂ ಅದೇ. ಓರ್ವಿಯೆಟೊದಲ್ಲಿ ಮೇಲೆ ಜನ ಬದುಕುತ್ತಿದ್ದಾರೆ. ಅವರಿಗೆ ಹಾಲು, ತರಕಾರಿ, ಡಾಕ್ಟರ್ ಎಲ್ಲ ಮೇಲೆ ಬೇಕು, ಅದಕ್ಕೆ ಲಿಫ್ಟು ಸರಿ. ಕವಲೇದುರ್ಗದ ತುದಿಯಲ್ಲಿ ಯಾರೂ ಸಂಸಾರ ಮಾಡುತ್ತಿಲ್ಲ. ಕಾಲು ಸೋತವರಿಗೆ ರಸ್ತೆ ಪಕ್ಕದಲ್ಲೇ ನಗರದ ಕೋಟೆ ಇದೆ, ಕೆಳದಿ ಇದೆ, ಇಕ್ಕೇರಿ ಇದೆ. ದುರ್ಗದ ದಾರಿಯಲ್ಲಿ ಜಾರುವ ಕಡೆ ಒಂದಿಷ್ಟು ಹಿಡಿಕೆ, ನಡುನಡುವೆ ಕೂರಲು ಕಲ್ಲು ಬೆಂಚು ಹಾಕಿದರೆ ಇನ್ನೂ ಎಷ್ಟೋ ಜನ ನಿಧಾನವಾಗಿ ಹತ್ತುತ್ತಾರೆ.

ಇಟಲಿಯವರು ಎಲ್ಲದರಲ್ಲೂ ಜಾಣರು ಎಂದು ನಾನು ಹೇಳುತ್ತಿಲ್ಲ. ಓರ್ವಿಯೆಟೊಗೆ ಹತ್ತಿರದಲ್ಲೇ ಚಿವಿತಾ ಎಂಬ ಇನ್ನೊಂದು ಗುಡ್ಡದ ಊರು ಸವೆಯುತ್ತಾ ಸವೆಯುತ್ತಾ ಕಾಲುಸೇತುವೆಯ ತುದಿಗೆ ಬಂದು ನಿಂತಿದೆ. ಅಲ್ಲಿ ವಾಸಿಸುವವರು ಬೆರಳೆಣಿಕೆಯಷ್ಟು, ನೋಡಲು ಬರುವವರು ಲೆಕ್ಕವಿಲ್ಲದಷ್ಟು. 2013ರಿಂದ ಊರಿಗೆ ಕಾಲಿಡಲೇ ಟಿಕೆಟ್ಟು. ನಮ್ಮ ಊರುಗಳು ಆ ಸ್ಥಿತಿಗೆ ಬರುವುದು ಬೇಡ. 1999ರಲ್ಲಿ ಓರ್ವಿಯೆಟೊ ಮತ್ತು ಇನ್ನು ಮೂರು ಊರುಗಳು ಸೇರಿ ನಿಧಾನ ಊರುಗಳ ಒಕ್ಕೂಟ ಮಾಡಿಕೊಂಡವು, ಚಿತ್ತಾಸ್ಲೋ ಎಂದು ಹೆಸರು. 50 ಸಾವಿರಕ್ಕಿಂತ ಕಡಿಮೆ ಜನರಿರುವ ಊರಿಗೆ ಮಾತ್ರ ಸದಸ್ಯತ್ವ. ಅವರ ಗುರುತು ಬಸವನಹುಳು. ನಮ್ಮ ತೋಟದಲ್ಲಿ ಅದು ಬೇಕಾದಷ್ಟಿದೆ.

ಕೊನೆಗೆ ಒಂದು ಬೇಡಿಕೆ. ಈ ಬೇಸಿಗೆಯಲ್ಲೇ, ಮಳೆ ಹಿಡಿಯುವ ಮೊದಲು, ಕವಲೇದುರ್ಗದ ಕೊಳಗಳಿಗೆ ನೀರು ಬರುವ ಹಳೇ ಕಾಲುವೆಗಳು, ಹೆಚ್ಚಾದ ನೀರು ಹೊರಹೋಗುವ ದಾರಿಗಳು ಎಲ್ಲೆಲ್ಲಿ ಕಟ್ಟಿಕೊಂಡಿವೆ ಎಂದು ಒಂದು ನಕ್ಷೆ ಮಾಡಿಸಿ. ರಸ್ತೆಯ ಅಂದಾಜುಪಟ್ಟಿ ಆಮೇಲೆ ನೋಡೋಣ. ಪುರಾತತ್ವ ಇಲಾಖೆ ಒಪ್ಪುವುದಾದರೆ ನನ್ನಂಥ ನಿವೃತ್ತರು ಒಂದಿಷ್ಟು ಜನ ಟೇಪು, ಲೆವೆಲ್ಲು ಹಿಡಿದು ಬರಲು ತಯಾರಿದ್ದೇವೆ. ಸಂಬಳ ಬೇಡ, ಮಧ್ಯಾಹ್ನ ಊಟಕ್ಕೆ ವ್ಯವಸ್ಥೆ ಆದರೆ ಸಾಕು.

ಇಂತಿ ನಿಮ್ಮ ಓದುಗ,
ನಿವೃತ್ತ ಇಂಜಿನಿಯರ್, ತೀರ್ಥಹಳ್ಳಿ